ದೊರೆಯನ್ನು ಎರವಲು ತರುವ ವಿಚಾರ

"ಒಂದು ಕುದುರೆ ಎರವಲು ತರೋಣ ಅಂತಿದ್ದೀನಿ," ಎಂದು ಅಕ್ಕ ಊಟದ ಹೊತ್ತಿನಲ್ಲಿ ಹೇಳಿದಾಗ ಭಾವ ಅಗಿಯುವುದನ್ನು ನಿಲ್ಲಿಸಲಿಲ್ಲ. ಅಕ್ಕ ವಾರಕ್ಕೊಂದು ಏನಾದರೂ ತರೋಣ ಅನ್ನುತ್ತಲೇ ಇರುತ್ತಾಳೆ. ಹೋದ ವಾರ ಹೊಸ ಹೊಲಿಗೆ ಮಿಷನ್ನು, ಅದರ ಹಿಂದಿನ ವಾರ ಕಿಟಕಿಗೆ ಪರದೆ. ಯಾವುದೂ ಬಂದಿಲ್ಲ.

"ಎಷ್ಟು ದಿನಕ್ಕೆ?" ಅಂದರು ಭಾವ.

"ಸಾಯೋ ತನಕ."

"ಯಾರು?"

"ಕುದುರೆ ಕಣ್ರೀ. ಇಪ್ಪತ್ತೊಂದು ವರ್ಷ ಅದಕ್ಕೆ."

ಈಗ ಭಾವ ಅಗಿಯುವುದನ್ನು ನಿಲ್ಲಿಸಿದರು.

ನಮ್ಮದು ಕುದುರೆಯ ಜೀನು ಹೊಲಿಯುವ ಅಂಗಡಿ. ಅಕ್ಕ ಹೊಲಿಯುತ್ತಾಳೆ, ನಾನು ಚರ್ಮ ಕತ್ತರಿಸುತ್ತೇನೆ. ಹಿಂದುಗಡೆ ಒಂದು ಅಂಗಳ, ಅಂಗಳದ ಮೂಲೆಯಲ್ಲಿ ತಗಡಿನ ಕೊಟ್ಟಿಗೆ. ಮೊದಲು ಅಲ್ಲಿ ಚರ್ಮ ಒಣಗಿಸುತ್ತಿದ್ದರು, ಈಗ ಮುರಿದ ಕುರ್ಚಿಗಳಿವೆ. ಭಾವ ರಸ್ತೆಯ ಆಚೆ ಬದಿಯಲ್ಲಿ ಹಲ್ಲಿನ ಸೆಟ್ಟು ಮಾಡುತ್ತಾರೆ. ಡಾಕ್ಟರಲ್ಲ, ಡಾಕ್ಟರು ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹಲ್ಲು ಕೂರಿಸಿ ವಾಪಸು ಕಳಿಸುವವರು. ಮಧ್ಯಾಹ್ನ ಊಟಕ್ಕೆ ಬರುವಾಗ ಉಗುರಿನ ಸಂದಿಯಲ್ಲಿ ಒಸಡಿನ ಬಣ್ಣದ ಗುಲಾಬಿ ಪುಡಿ ಇರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲವಂತೆ. ತೊಳೆದದ್ದನ್ನು ನಾನು ನೋಡಿಲ್ಲ.

ಕುದುರೆ ನರ್ಸಮ್ಮನದು. ನಿವೃತ್ತ ನರ್ಸು, ಊರಂಚಿನಲ್ಲಿ ಒಬ್ಬರೇ ಇರುತ್ತಾರೆ. ನಾಲ್ಕು ದಿನದ ಹಿಂದೆ ತಮ್ಮ ಹಳೇ ಜೀನನ್ನು ಹೆಗಲ ಮೇಲೆ ಹೊತ್ತು ತಂದು ಮೇಜಿನ ಮೇಲೆ ಧೊಪ್ಪೆಂದು ಹಾಕಿದ್ದರು. ಮಂಡಿ ಎರಡೂ ಕೆಟ್ಟು ವರ್ಷವಾಯಿತು, ಕಾಲೆತ್ತಿ ಹತ್ತಲಾಗುವುದಿಲ್ಲ, ಕುದುರೆ ನಿಂತಲ್ಲೇ ನಿಂತು ದಪ್ಪಗಾಗುತ್ತಿದೆ. ಮಾರಿದರೆ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲ. ಅದಕ್ಕೆ ಎರವಲು ಕೊಡುವುದು ಅಂತ ತೀರ್ಮಾನ: ಕುದುರೆ ಅವರದೇ, ಮೇವು, ಲಾಳ, ಔಷಧಿಯ ಖರ್ಚು ತೆಗೆದುಕೊಂಡು ಹೋದವರದು, ಬೇಡವಾದರೆ ಮಾರುವ ಹಾಗಿಲ್ಲ, ವಾಪಸು ತಂದು ಕಟ್ಟಬೇಕು. ಸವಾರಿ ಶಾಲೆಯ ಮೇಷ್ಟ್ರು ಆಗಲೇ ಕೇಳಿದ್ದಾರೆ, ಹೊಸದಾಗಿ ಕಲಿಯುವ ಮಕ್ಕಳನ್ನು ಕೂರಿಸಲು. ಯಾರಿಗೇ ಕೊಡಲಿ, ಜೀನು ಸರಿಯಾಗಿ ಕೂರಬೇಕಲ್ಲ, ಬೆನ್ನಿನ ಅಳತೆ ತೆಗೆದುಕೊಂಡು ಬನ್ನಿ ಅಂದರು.

ಅಕ್ಕ ಬೆನ್ನಿನ ಆಕಾರಕ್ಕೆ ಬಗ್ಗಿಸುವ ಸೀಸದ ತಂತಿ ಹಿಡಿದು ಅಳತೆಗೆ ಹೋದಳು. ಒಂದು ಗಂಟೆಯ ಕೆಲಸಕ್ಕೆ ಸಂಜೆವರೆಗೆ ಇದ್ದಳು. ಬಂದಾಗ ಏಪ್ರನ್ನಿನ ಎಡ ಜೇಬು ಪೂರ್ತಿ ಒದ್ದೆ. "ನೆಕ್ಕಿದ," ಅಂದಳು. ಮಾರನೇ ದಿನ ಒಂದು ಹೊಲಿಗೆಯನ್ನೂ ಹಾಕದೆ ಕೊಟ್ಟಿಗೆಯ ಕುರ್ಚಿಗಳನ್ನು ಎಣಿಸುತ್ತ ಕೂತಳು. ನನಗೆ ಆಗಲೇ ಅನುಮಾನ ಬಂದಿತ್ತು.

"ಹೆಸರೇನು?" ಭಾವ ಕೇಳಿದರು.

"ದೊರೆ."

"ಸರಿಹೋಯ್ತು. ಮನೇಲಿ ಒಬ್ಬಳು ಮಹಾರಾಣಿ ಇದ್ದಾಳೆ, ದೊರೆ ಒಬ್ಬ ಕಮ್ಮಿ ಇದ್ದ. ಅಲ್ಲಾ, ಇಪ್ಪತ್ತೊಂದು ವರ್ಷ ಅಂದ್ರೆ ಮನುಷ್ಯರ ಲೆಕ್ಕದಲ್ಲಿ ಎಷ್ಟೇ?"

"ಅರವತ್ತರ ಮೇಲೆ."

"ಅರವತ್ತು ದಾಟಿದೋರು ಬೇಕು ಅಂದ್ರೆ ನಮ್ಮಪ್ಪನ್ನ ಕರ್ಕೊಂಡು ಬರ್ತಿದ್ದೆ. ಕೊಟ್ಟಿಗೆನೂ ಬೇಡ, ಸೋಫಾ ಸಾಕು."

"ನಿಮ್ಮಪ್ಪನ ಮೇಲೆ ಸವಾರಿ ಮಾಡಕ್ಕಾಗಲ್ಲ."

ನಾನು ನಕ್ಕೆ. ಅಕ್ಕ ನಗಲಿಲ್ಲ. ಬಾಯಿ ತಪ್ಪಿ ನಿಜ ಹೊರಬಿದ್ದಿತ್ತು. ಅವಳಿಗೆ ಬೇಕಿದ್ದದ್ದು ಸವಾರಿ.

ಇಲ್ಲಿ ಒಂದು ವಿಷಯ ಹೇಳಬೇಕು. ಇದು ಗೊತ್ತಿರುವುದು ಭಾವನಿಗೆ ಮತ್ತು ನನಗೆ ಮಾತ್ರ. ಹದಿನೇಳು ವರ್ಷದಿಂದ ಜೀನು ಹೊಲಿಯುವ, ಗಿರಾಕಿಗಳೆಲ್ಲ 'ಜೀನಮ್ಮ' ಎಂದು ಕರೆಯುವ ನಮ್ಮಕ್ಕ ಜೀವಮಾನದಲ್ಲಿ ಒಂದು ಸಲವೂ ಕುದುರೆ ಹತ್ತಿದವಳಲ್ಲ. ಅಂಗಡಿ ತೆರೆದ ಮೊದಲ ತಿಂಗಳಲ್ಲಿ ಯಾರೋ "ನೀವು ಸವಾರಿ ಮಾಡ್ತೀರಾ?" ಅಂತ ಕೇಳಿದ್ದರು. "ಮಾಡ್ತಿದ್ದೆ, ಈಗ ಬಿಟ್ಟಿದ್ದೀನಿ," ಅಂದುಬಿಟ್ಟಳು. ಅಷ್ಟೇ ಅವಳು ಹೇಳಿದ ಸುಳ್ಳು. ಮಿಕ್ಕಿದ್ದನ್ನು ಗಿರಾಕಿಗಳೇ ಸೇರಿಸಿದರು. ಈಗ ಊರಿನ ಕುದುರೆ ಜನರ ಪ್ರಕಾರ ಅಕ್ಕ ಚಿಕ್ಕವಯಸ್ಸಿನಲ್ಲಿ ಎರಡು ಪಂದ್ಯ ಗೆದ್ದಿದ್ದಾಳೆ, ಒಂದರಲ್ಲಿ ಬಿದ್ದು ತೋಳು ಮುರಿದುಕೊಂಡಿದ್ದಾಳೆ. ಯಾವ ತೋಳು ಎಂಬುದರ ಬಗ್ಗೆ ಮಾತ್ರ ಎರಡು ಅಭಿಪ್ರಾಯವಿದೆ.

"ಈಗ ನಲವತ್ತೊಂದು ನನಗೆ," ಅಂದಳು ಅಕ್ಕ. "ಎಳೇ ಕುದುರೆ ನನ್ನ ಎತ್ತಿ ಎಸೆಯುತ್ತೆ. ಇದು ಮುದಿ ಕುದುರೆ, ಸಮಾಧಾನಿ. ಈಗ ಇಲ್ಲ ಅಂದ್ರೆ ಇನ್ಯಾವತ್ತೂ ಇಲ್ಲ."

"ಕೊಡ್ತಾರಂತಾ?"

"ಭಾನುವಾರ ಬನ್ನಿ ಅಂದಿದ್ದಾರೆ. ತೊಗೊಂಡು ಹೋಗೋರು ಹತ್ತಿ ಒಂದು ಸುತ್ತು ಹಾಕೋದನ್ನ ಕಣ್ಣಾರೆ ನೋಡ್ಬೇಕಂತೆ."

ಭಾವ ತಟ್ಟೆಯಲ್ಲೇ ಕೈ ತೊಳೆದರು. "ಹಾಗಾದ್ರೆ ನಾನೂ ಬರ್ತೀನಿ. ಇದನ್ನ ತಪ್ಪಿಸಿಕೊಳ್ಳೋಕಾಗಲ್ಲ."

ಭಾನುವಾರ ಬೆಳಿಗ್ಗೆ ಮೂವರೂ ಹೋದೆವು. ಅಕ್ಕ ತಾನೇ ಹೊಲಿದ ಬೂಟು ಹಾಕಿದ್ದಳು. ಭಾವ ಶರ್ಟಿನ ಜೇಬಿನಲ್ಲಿ ಬಾಯೊಳಗೆ ನೋಡುವ ಉದ್ದ ಕಡ್ಡಿಯ ಕನ್ನಡಿ ಸಿಕ್ಕಿಸಿಕೊಂಡಿದ್ದರು. ನಾನು ಸರಿಮಾಡಿದ ಜೀನನ್ನು ಹೊತ್ತಿದ್ದೆ.

ದೊರೆ ಬೇಲಿಯ ಹತ್ತಿರ ನಿಂತಿದ್ದ. ಕಂದು ಬಣ್ಣ, ಹುಬ್ಬಿನ ಮೇಲೆ ನರೆ, ಕೆಳತುಟಿ ಜೋತುಬಿದ್ದು ಯಾರ ಮಾತಿಗೋ ಬೇಸತ್ತವನ ಹಾಗೆ ಕಾಣುತ್ತಿದ್ದ. ಬೆನ್ನು ನಡುವೆ ಇಳಿದಿತ್ತು, ಹಳೇ ಹಾಸಿಗೆ ಇಳಿಯುವ ಹಾಗೆ.

ಭಾವ ನೇರವಾಗಿ ಹೋಗಿ ಅವನ ತುಟಿ ಎತ್ತಿದರು.

"ರೀ, ಏನ್ ಮಾಡ್ತಿದ್ದೀರಿ?" ಅಕ್ಕ ಹೌಹಾರಿದಳು.

"ನಿನ್ನ ಕೆಲಸ ಬೆನ್ನು, ನನ್ನ ಕೆಲಸ ಬಾಯಿ. ಸುಮ್ನಿರು." ಮುಂದಿನ ಹಲ್ಲುಗಳನ್ನು ಹೊಗಳುತ್ತ ನೋಡಿದರು. ಕನ್ನಡಿ ಒಳಗೆ ತೂರಿಸಲು ಹೋದಾಗ ದೊರೆ ಅದನ್ನು ಕಚ್ಚಿ ಹಿಡಿದು, ರುಚಿ ನೋಡಿ, ನೆಲಕ್ಕೆ ಉಗಿದ. ಅದನ್ನು ಎತ್ತಿಕೊಳ್ಳಲು ಬಗ್ಗಿದ ಭಾವ ಹಾಗೇ ನಿಂತರು. ಗೋದಲಿಯ ಬುಡದಲ್ಲಿ ಹುಲ್ಲಿನ ಒದ್ದೆ ಉಂಡೆಗಳು ಬಿದ್ದಿದ್ದವು.

"ಅಮ್ಮಾ, ಇದೇನಿದು?"

"ಅಗಿದು ಅಗಿದು ಉಗೀತಾನೆ. ಸೊಕ್ಕು," ಅಂದರು ನರ್ಸಮ್ಮ.

"ಸೊಕ್ಕಲ್ಲ ಅಮ್ಮಾ. ಹಿಂದಿನ ದವಡೆ ಹಲ್ಲು ನೋಯ್ತಿದೆ. ಹಲ್ಲಿನ ಸೆಟ್ಟು ಸರಿಯಾಗಿ ಕೂರದ ಮುದುಕರು ಹೀಗೇ ಮಾಡ್ತಾರೆ, ತುತ್ತು ಕೆನ್ನೇಲಿಟ್ಟುಕೊಂಡು ಆಮೇಲೆ ಬಟ್ಟಲಿಗೆ ಉಗೀತಾರೆ. ದನದ ಡಾಕ್ಟರನ್ನ ಕರೆಸಿ ಹಲ್ಲು ಅರದಿಂದ ಉಜ್ಜಿಸಬೇಕು. ಅಲ್ಲೀತನಕ ಮೇವು ನೆನೆಸಿ ಕೊಡಬೇಕು."

ನರ್ಸಮ್ಮ ಭಾವನನ್ನು ಮೇಲಿಂದ ಕೆಳಗೆ ನೋಡಿದರು. ನಲವತ್ತು ವರ್ಷ ಇತರರ ನೋವನ್ನು ಕಂಡುಹಿಡಿದವರಿಗೆ ತಮ್ಮ ಕುದುರೆಯ ನೋವನ್ನು ಬೇರೆಯವರು ಹೇಳಿದರೆ ಹೇಗಿರುತ್ತದೋ ಹಾಗಿತ್ತು ಮುಖ. "ಹೂಂ," ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ಹತ್ತಿ ಜೀನಮ್ಮ. ನಿಮ್ಮ ಸವಾರಿ ನೋಡೋಣ."

ನಾನು ಜೀನು ಹಾಕಿ ಪಟ್ಟಿ ಬಿಗಿದೆ. ಅಕ್ಕ ಮೂರು ಮೆಟ್ಟಿಲ ಕಟ್ಟೆ ಹತ್ತಿದಳು, ಜೀನಿನಿಂದ ಜೋತ ಕಬ್ಬಿಣದ ಬಳೆಯೊಳಗೆ ಕಾಲಿಟ್ಟಳು, ಒಂದೇ ಏಟಿಗೆ ಮೇಲೆ ಕೂತಳು. ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ಮೊಣಕೈ ಒಳಗೆ. ಇದನ್ನೆಲ್ಲ ಗಿರಾಕಿಗಳಿಗೆ ಹೇಳಿ ಹೇಳಿ ಅವಳಿಗೆ ಬಾಯಿಪಾಠವಾಗಿತ್ತು. ಕಣ್ಣು ತುಂಬುವ ಹಾಗೆ ಕಾಣುತ್ತಿದ್ದಳು. ಭಾವ ನನ್ನ ಕಿವಿಯಲ್ಲಿ, "ಪಂದ್ಯ ಗೆದ್ದಿರೋದು ನಿಜ ಇರಬೇಕು ಕಣೇ," ಅಂದರು.

ಆಗ ಅಕ್ಕ ಮಾಡಿದ ಕೆಲಸವನ್ನು ಪ್ರಪಂಚದಲ್ಲಿ ಜೀನು ಹೊಲಿಯುವವರು ಬಿಟ್ಟು ಇನ್ಯಾರೂ ಮಾಡಲಾರರು.

ಹೊಸ ಜೀನನ್ನು ನಾವು ಅಂಗಡಿಯಲ್ಲಿ ಮರದ ಸ್ಟ್ಯಾಂಡಿನ ಮೇಲೆ ಹಾಕಿ ಪರೀಕ್ಷೆ ಮಾಡುತ್ತೇವೆ. ಮೊದಲು ಮುಂದಕ್ಕೆ ಮುಖ ಮಾಡಿ ಕೂತು ಅಲುಗಾಡಿಸಿ ನೋಡುವುದು. ಆಮೇಲೆ ಅಲ್ಲೇ ಕಾಲೆತ್ತಿ ತಿರುಗಿ, ಹಿಂದಕ್ಕೆ ಮುಖ ಮಾಡಿ ಕೂತು, ಜೀನಿನ ಹಿಂಬದಿಯ ಹೊಲಿಗೆಯನ್ನು ಬೆರಳಿಂದ ಒತ್ತಿ ಒತ್ತಿ ನೋಡುವುದು. ದಿನಕ್ಕೆ ನಾಲ್ಕಾರು ಸಲ, ಹದಿನೇಳು ವರ್ಷ. ಅಕ್ಕನ ತಲೆಯಲ್ಲಿ ಭಯ ತುಂಬಿತ್ತು, ತಲೆ ಕೈಕೊಟ್ಟಾಗ ದೇಹ ತನಗೆ ಗೊತ್ತಿದ್ದದ್ದನ್ನು ಮಾಡಿತು. ಎರಡು ಸಲ ಅಲುಗಾಡಿದಳು, ಲಗಾಮು ಬಿಟ್ಟಳು, ಕಾಲೆತ್ತಿ ತಿರುಗಿದಳು, ಬಾಲದ ಕಡೆ ಮುಖ ಮಾಡಿ ಕೂತು ಹೊಲಿಗೆ ಒತ್ತತೊಡಗಿದಳು.

ದೊರೆ ಕತ್ತು ತಿರುಗಿಸಿ ಒಮ್ಮೆ ನೋಡಿದ. ಆಮೇಲೆ ಬಾಲ ಎತ್ತಿ, ಅಕ್ಕನ ಕಣ್ಣೆದುರಿಗೇ, ನಿಧಾನವಾಗಿ ಲದ್ದಿ ಹಾಕಿದ. ಆ ಕೆಲಸ ಮುಗಿದ ಮೇಲೆ ಬಾಯಾರಿಕೆಯಾಯಿತೋ ಏನೋ, ನೀರಿನ ತೊಟ್ಟಿಯ ಕಡೆ ನಡೆದ.

"ನಿಲ್ಲು! ಏಯ್, ನಿಲ್ಲೋ ಮಾರಾಯ! ರೀ, ಹಿಡ್ಕೊಳ್ರೀ!" ಅಕ್ಕ ಜೀನಿನ ಹಿಂದಂಚನ್ನು ಎರಡೂ ಕೈಯಿಂದ ಹಿಡಿದು ನಮ್ಮಿಂದ ದೂರ ದೂರ ಹೋಗುತ್ತಿದ್ದಳು, ನಮ್ಮನ್ನೇ ನೋಡುತ್ತ.

"ಏನಂತ ಹಿಡೀಲಿ? ನಾನು ಹಲ್ಲಿನವನು!" ಅಂದರು ಭಾವ. ಆದರೂ ಓಡಿದರು.

ಭಾವ ಹಿಡಿಯುವ ಮೊದಲೇ ದೊರೆ ತೊಟ್ಟಿಯ ಹತ್ತಿರ ನಿಂತು ನೀರು ಕುಡಿಯುತ್ತಿದ್ದ. ನರ್ಸಮ್ಮ ಕುಂಟುತ್ತ ಬಂದರು. ಅವರು ನಗಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

"ಸವಾರಿ ಬಿಟ್ಟು ಎಷ್ಟು ವರ್ಷ ಆಯ್ತು ಅಂದಿದ್ರಿ?"

ಅಕ್ಕನ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. "ಶುರುನೇ ಮಾಡಿಲ್ಲ," ಅಂದಳು. "ಇವತ್ತೇ ಮೊದಲು."

"ನಾನು ಎಡಕ್ಕೆ ವಾಲಿಕೊಂಡು ಕೂರ್ತೀನಿ ಅಂತ ಏಳು ವರ್ಷದ ಹಿಂದೆ ನನಗೇ ಪಾಠ ಹೇಳಿದ್ರಲ್ರೀ!"

"ವಾಲ್ತಿದ್ರಿ. ಜೀನಿನ ಎಡಗಡೆ ಸವೆದಿತ್ತು."

ನರ್ಸಮ್ಮ ಜೀನಿನ ಎಡಗಡೆ ಕಣ್ಣು ಹಾಯಿಸಿದರು. "ಅದು ನಿಜ," ಅಂದರು. "ಆದ್ರೂ ಇಳೀರಿ. ಸವಾರಿ ಬರದೋರಿಗೆ ನನ್ನ ಕುದುರೆ ಕೊಡಲ್ಲ. ಮೇಷ್ಟ್ರಿಗೆ ಹೇಳಿ ಕಳಿಸ್ತೀನಿ. ಈ ಕತೆನೂ ಜೊತೆಗೇ ಹೇಳಿ ಕಳಿಸ್ತೀನಿ."

ಅಕ್ಕ ಇಳಿಯಲಿಲ್ಲ. ಇಳಿಯುವುದು ಗೊತ್ತಿಲ್ಲವೇನೋ ಅಂದುಕೊಂಡೆ. ಅಲ್ಲ. ಅವಳ ಬಲಗೈ ಜೀನಿನ ಹಿಂದೆ, ದೊರೆಯ ಸೊಂಟದ ಮೇಲಿತ್ತು. ಅವಳು ಮೈಭಾರವನ್ನು ಚೂರು ಆ ಕಡೆ ಹಾಕಿದಳು. ಕೈ ಕೆಳಗಿನ ಚರ್ಮ ನೊಣ ಕೂತ ಹಾಗೆ ಅದುರಿತು, ಬೆನ್ನು ಸರಕ್ಕನೆ ತಗ್ಗಿತು. ಇನ್ನೊಮ್ಮೆ ಹಾಕಿದಳು. ಮತ್ತೆ ಹಾಗೇ.

ನಮ್ಮ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಏನೋ ಲೆಕ್ಕ ಹಾಕುತ್ತಿದ್ದಾಳೆ ಅನ್ನಿಸಿತು. ಆಮೇಲೆ ಹೊಟ್ಟೆಯ ಮೇಲೆ ಜಾರಿ, ಗೋಣಿಚೀಲ ಇಳಿಸಿದ ಹಾಗೆ ಧೊಪ್ಪೆಂದು ನೆಲಕ್ಕೆ ಇಳಿದಳು.

"ಅಮ್ಮಾ, ಮೇಷ್ಟ್ರಿಗೆ ಕತೆ ಹೇಳಿ. ಕುದುರೆ ಕೊಡಬೇಡಿ. ಇವನ ಬೆನ್ನು ಮುಗಿದಿದೆ. ಮೇಲೆ ಭಾರ ಇಲ್ಲದಾಗ ಗೊತ್ತಾಗಲಿಲ್ಲ, ಅವತ್ತು ಅಳತೆಗೆ ಸಿಗಲಿಲ್ಲ. ಹಿಂದಕ್ಕೆ ತಿರುಗಿ ಕೂತಿದ್ದಕ್ಕೆ ಸಿಕ್ತು."

"ಜೀನಿಗೆ ದಪ್ಪ ಉಣ್ಣೆ ತುಂಬಿದ್ರೆ?"

"ತುಂಬಬಹುದು. ಒಂದು ವರ್ಷ ಎಳೀಬಹುದು. ಕೂತೋರಿಗೆ ಮೆತ್ತಗಿರುತ್ತೆ. ಇವನಿಗೆ ನೋವು ನೋವೇ." ಅಕ್ಕ ಮೂಗು ಒರೆಸಿಕೊಂಡಳು. "ಇನ್ಮೇಲೆ ಇವನ ಮೇಲೆ ಯಾರೂ ಕೂರಬಾರದು. ಮಕ್ಕಳೂ ಬೇಡ. ನಾನೂ ಬೇಡ."

ಸುಮ್ಮನಿದ್ದಿದ್ದರೆ, ಕಲಿತುಕೊಂಡು ಬರ್ತೀನಿ ಅಂತ ನಾಲ್ಕು ದಿನ ಗೋಗರೆದಿದ್ದರೆ, ನರ್ಸಮ್ಮ ಕರಗುತ್ತಿದ್ದರು ಅಂತ ಈಗಲೂ ನನ್ನ ಅಭಿಪ್ರಾಯ. ಅಕ್ಕ ಅದನ್ನು ಲೆಕ್ಕ ಹಾಕಿದ್ದಳು. ಹಾಕಿಯೂ ಅದನ್ನು ಕೈಬಿಟ್ಟಿದ್ದಳು.

ನರ್ಸಮ್ಮ ದೊರೆಯ ಸೊಂಟದ ಮೇಲೆ ತಾವೇ ಹೆಬ್ಬೆರಳಿಟ್ಟು ಒತ್ತಿದರು. ಅವನು ತಗ್ಗಿದ. ತುಂಬ ಹೊತ್ತು ಕೈ ಅಲ್ಲೇ ಇತ್ತು.

"ಒಂದು ವರ್ಷ ನಾನು ಹತ್ತಲೇ ಇಲ್ಲ," ಅಂದರು ಕೊನೆಗೆ. "ನೋಡಿಕೊಂಡಿಲ್ಲ. ಹಲ್ಲೂ ನೋಡಿಲ್ಲ." ಜೇಬಿನಿಂದ ಎರವಲಿನ ಷರತ್ತುಗಳನ್ನು ಬರೆದಿಟ್ಟಿದ್ದ ಕಾಗದ ತೆಗೆದು, ಪೆನ್ನು ಕೇಳಿ, ಕನ್ನಡಕ ಏರಿಸಿ, 'ವಾರಕ್ಕೆ ಮೂರು ದಿನ ಸವಾರಿ' ಎಂಬ ಸಾಲನ್ನು ಎರಡು ಸಲ ಹೊಡೆದು ಹಾಕಿದರು. "ಸವಾರಿ ಬೇಡ ಅಂದ್ರೆ ಸವಾರಿ ಬರೋರು ತೊಗೊಳ್ಳಲ್ಲ. ಇನ್ನು ಬರದೋರಿಗೇ ಕೊಡಬೇಕು. ಆ ಕೊಟ್ಟಿಗೆಯ ಬಾಗಿಲು ಎಷ್ಟು ಅಗಲ ಇದೆ ಅಂದ್ರಿ?"

ಅಕ್ಕ ಅಗಲ ಹೇಳಿದಳು. ದನಿ ನಡುಗಿತು, ಅಳತೆ ತಪ್ಪಲಿಲ್ಲ.

"ನೆನೆಸಿದ ಮೇವು ಅಂತ ಬರೀರಿ," ಅಂದರು ಭಾವ ಕಾಗದದೊಳಗೆ ತಲೆ ಹಾಕಿ. "ಆರು ತಿಂಗಳಿಗೊಮ್ಮೆ ಹಲ್ಲಿನ ತಪಾಸಣೆ ಅಂತಲೂ ಸೇರಿಸಿ."

"ರೀ, ನಿಮಗೆ ಕುದುರೆ ಬೇಡವಾಗಿತ್ತಲ್ಲ?"

"ಬೇಡವೇ. ಆದ್ರೆ ಇಂಥಾ ಬಾಯಿ ಬೇರೆಯವರ ಕೈಗೆ ಹೋಗಬಾರದು."

ಕೊಟ್ಟಿಗೆ ಖಾಲಿ ಮಾಡಿ, ನೆಲಕ್ಕೆ ಹೊಟ್ಟು ಹಾಸಿ, ಮುಂದಿನ ಭಾನುವಾರ ದೊರೆಯನ್ನು ಕರೆತಂದೆವು. ಊರ ನಡುವೆ ಹಾದು ಬರಬೇಕಿತ್ತು. ಮುಂದೆ ಹಗ್ಗ ಹಿಡಿದು ಅಕ್ಕ, ಪಕ್ಕದಲ್ಲಿ ಬಕೆಟ್ಟು ಹಿಡಿದು ಭಾವ, ಹಿಂದೆ ನಾನು. ದೊರೆಗೆ ಅವಸರವಿರಲಿಲ್ಲ. ದೊಡ್ಡ ವೃತ್ತದ ನಟ್ಟನಡುವೆ ನಿಂತು, ಹೂವಿನ ಗಿಡಗಳ ಕಡೆ ನೋಡುತ್ತ ಯೋಚನೆಗೆ ಬಿದ್ದ. ಹಿಂದೆ ಮೂರು ಬಸ್ಸು ಸಾಲಾಗಿ ನಿಂತು ಹಾರನ್ನು ಹೊಡೆಯತೊಡಗಿದವು. ಕಿಟಕಿಗಳಿಂದ ತಲೆಗಳು ಹೊರಬಂದವು.

ಟ್ರಾಫಿಕ್ ಪೊಲೀಸಿನವನು ಸೀಟಿ ಊದುತ್ತ ಬಂದ. "ಏನಮ್ಮಾ ಇದು, ಹತ್ತಿ ಕೂತು ಓಡಿಸಿಕೊಂಡು ಹೋಗಬಾರದಾ?"

"ನನಗೆ ಕುದುರೆ ಸವಾರಿ ಬರಲ್ಲ!" ಅಂದಳು ಅಕ್ಕ. ಹಾರನ್ನಿನ ಗಲಾಟೆಯಲ್ಲಿ ಕೂಗಿಯೇ ಹೇಳಬೇಕಾಯಿತು. ಮೂರು ಬಸ್ಸಿನವರಿಗೂ ಕೇಳಿಸಿತು.

"ಬರದಿದ್ರೆ ಮತ್ತೆ ಕುದುರೆ ಯಾಕಮ್ಮಾ?"

ಅಕ್ಕ ಯೋಚಿಸಿದಳು. ಹಣೆಯ ಬೆವರು ಒರೆಸಿಕೊಂಡಳು. "ಯಾಕೆ ಅಂತ ಇನ್ನೂ ಗೊತ್ತಿಲ್ಲಪ್ಪ," ಅಂದಳು. "ನೀನು ಹಿಂದಿನಿಂದ ಸ್ವಲ್ಪ ತಳ್ಳು."

ಪೊಲೀಸಿನವನು ಸೀಟಿಯನ್ನು ಜೇಬಿಗೆ ಹಾಕಿಕೊಂಡು ತಳ್ಳಲು ಬಂದ.

"ಸೊಂಟದ ಮೇಲೆ ಕೈ ಇಡಬೇಡಿ ಸ್ವಾಮಿ," ಅಂದರು ಭಾವ, "ಅಲ್ಲಿ ನೋವಿದೆ ಅವನಿಗೆ."