ಕಾಲರಾ ವರ್ಷದ ಏಳು ಹೆಸರು

ಕುರುಗೋಡಿನ ವೀರೇಶ್ ಬಳ್ಳಾರಿಯ ಕಾಲೇಜೊಂದರಲ್ಲಿ ಇತಿಹಾಸದ ಮೇಷ್ಟ್ರು. ಸಾವಿರದಿನ್ನೂರು ವರ್ಷಗಳ ಹಿಂದೆ ಬ್ರಿಟನ್ನರ ಚರಿತ್ರೆ ಬರೆದ ವೇಲ್ಸಿನ ಸನ್ಯಾಸಿಯೊಬ್ಬನ ಪಾಠ ಬಂದರೆ ಅವನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಒಬ್ಬ ರಾಜನ ಸಾವಿನ ಬಗ್ಗೆ ಮೂರು ಕಥೆ ಸಿಕ್ಕಾಗ ಆ ಸನ್ಯಾಸಿ ಮೂರನ್ನೂ ಬರೆದಿಟ್ಟಿದ್ದ.

"ಯಾವುದು ಖರೆ ಅಂತ ಹೇಳಾಕ ನಾವ್ಯಾರು? ಕೇಳಿದ್ದನ್ನ ಕಳೀಬಾರದು," ಎನ್ನುತ್ತಿದ್ದ ವೀರೇಶ್.

ಸಿರುಗುಪ್ಪ ಕಡೆಯ ಒಂದು ಊರಿನವರು ತಮ್ಮೂರ ಚರಿತ್ರೆ ಬರೆಯಲು ಅವನನ್ನು ಕರೆದರು. ಐದು ವರ್ಷ ಮನೆಮನೆ ಅಲೆದ. ಕಾಲರಾ ಬಂದ ವರ್ಷ ಕೆಳಗೇರಿಯಲ್ಲಿ ಏಳು ಜನ ರೋಗದಿಂದ ಸತ್ತರೆಂದು ಹಿರಿಯರು ಹೇಳಿದರು. ಆ ಕೇರಿಯ ಮುದುಕಿ ಜಡೆಮ್ಮ ಹೇಳಿದ್ದೇ ಬೇರೆ.

"ರೋಗ ನಮಗ ಇರಲೇ ಇಲ್ಲ ಸರ. ನಾವು ಕೇರಿ ಬಿಟ್ಟು ಹೊರಗ ಬರಬಾರದಂತ ಊರವರು ಜಾಲಿಮುಳ್ಳಿನ ಬೇಲಿ ಹಾಕಿದ್ರು. ನೀರಿಗೆ ಹೋಗಾಕ ಬಿಡಲಿಲ್ಲ. ನಮ್ಮವ್ವ ಬಾಯಾರಿ ಸತ್ತಳು."

ಏಳೂ ಹೆಸರನ್ನು ಅವಳು ಹೇಳಿದಳು. ವೀರೇಶ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಪುಸ್ತಕ ಸಮಿತಿಯ ಚನ್ನಬಸವರಾಜ ಕರಡು ಓದಿ ಚಹಾ ತರಿಸಿದ. "ಬೇಲಿ ಹಾಕಿಸಿದವರು ನಮ್ಮ ತಾತ. ಇದೊಂದು ಪುಟ ತೆಗೀರಿ ಸರ. ಇಲ್ಲಾಂದ್ರ ಬೇರೆಯವರ ಹೆಸರಿನಾಗ ಪುಸ್ತಕ ಬರ್ತೈತಿ. ಆ ನೋಟ್‌ಬುಕ್ಕೂ ಇಲ್ಲೇ ಇರ್ಲಿ."

ವೀರೇಶ್ ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ನೋಟ್‌ಬುಕ್ ಕೊಟ್ಟುಬಂದ.

ಬಳ್ಳಾರಿಯ ಬ್ರೂಸ್‌ಪೇಟೆಯ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಯಿತು. ಮುಖಪುಟದ ಮೇಲೆ ಅವನ ಹೆಸರು ಚೆನ್ನಾಗಿಯೇ ಬಂದಿತ್ತು. ಬಿಡುಗಡೆಯ ದಿನ ಜಡೆಮ್ಮ ಮೊಮ್ಮಗಳು ಭಾಗ್ಯಳ ಕೈ ಹಿಡಿದು ಬಂದು, ಜನ ಕರಗುವವರೆಗೂ ಕಾದು ನಿಂತಳು.

"ನಮ್ಮವ್ವನ ಹೆಸರು ಓದ್ರಿ ಸರ."

ವೀರೇಶ್ ಪುಸ್ತಕ ತೆರೆದ. ಕಾಲರಾ ಬಗ್ಗೆ ಎರಡೇ ಸಾಲು. "ಹುಲಿಗೆಮ್ಮ," ಎಂದ, ನೆನಪಿನಿಂದ. ಭಾಗ್ಯ ಪುಟದ ಮೇಲೆ ಬಗ್ಗಿದಳು.

"ಇಲ್ಲೆಲ್ಲೂ ಇಲ್ಲಲ್ರಿ ಸರ?"

ವೀರೇಶ್ ಪುಸ್ತಕ ಮುಚ್ಚಿದ. ನಡೆದದ್ದೆಲ್ಲ ಹೇಳಿಬಿಟ್ಟ. ನೋಟ್‌ಬುಕ್ ಕೇಳಲು ಅವತ್ತೇ ಚನ್ನಬಸವರಾಜನ ಮನೆಗೆ ಓಡಿದ. ಕರಡಿನ ಜತೆ ಅದೂ ಒಲೆಗೆ ಹೋಗಿ ತಿಂಗಳಾಗಿತ್ತು.

ಅಲ್ಲಿಂದ ಕೇರಿಗೆ ಬಂದು, ಬರಿಹಾಳೆ ಹಿಡಿದು ಜಡೆಮ್ಮನ ಎದುರು ಕುಳಿತ. "ಮತ್ತೊಮ್ಮೆ ಹೇಳ್ರಿ ಅಮ್ಮ. ನನಗ ನಿಮ್ಮವ್ವನ ಹೆಸರೊಂದೇ ನೆನಪೈತಿ. ನಾನೇ ಅಚ್ಚು ಹಾಕಸ್ತೀನಿ."

ಜಡೆಮ್ಮ ಕಣ್ಣು ಮುಚ್ಚಿದಳು. ಹುಲಿಗೆಮ್ಮ ಎಂದಳು, ಗಾದೆಪ್ಪ ಎಂದಳು. ಬಹಳ ಹೊತ್ತಿನ ಮೇಲೆ ಇನ್ನೊಂದು ಹೆಸರು ಬಂತು. ಅಲ್ಲಿಗೆ ನಿಂತಳು.

"ಎಪ್ಪತ್ತು ವರ್ಷ ದಿನಾ ಹೇಳ್ಕೊಂತಿದ್ದೆ ಸರ, ಮರೀಬಾರದು ಅಂತ. ನೀವು ಬರಕೊಂಡ ಮ್ಯಾಲೆ ಬಿಟ್ಟುಬಿಟ್ಟೆ."

ಉಳಿದ ನಾಲ್ವರ ಹೆಸರು ಹೇಳುವವರು ಊರಲ್ಲಿ ಇನ್ನಾರೂ ಇರಲಿಲ್ಲ.