ಒಸಡಿನಿಂದಲೋ ಬೇರಿನಿಂದಲೋ

ರೋಗ ಒಸಡಿನಿಂದ ಬೇರಿಗೆ ಹೋಯಿತೋ, ಬೇರಿನಿಂದ ಒಸಡಿಗೆ ಬಂತೋ? ಎಷ್ಟು ಹೊತ್ತು ನೋಡಿದರೂ ಎಕ್ಸ್‌ರೇ ಬಾಯಿ ಬಿಡಲಿಲ್ಲ. ಮೇಲಿನ ಮುಂಹಲ್ಲಿನ ಒಂದು ಪಕ್ಕದಲ್ಲಿ, ಒಸಡಿನ ಅಂಚಿನಿಂದ ಬೇರಿನ ತುದಿಯವರೆಗೂ, ಮೂಳೆ ಇರಬೇಕಾದ ಕಡೆ ಕಪ್ಪು ನೆರಳಿತ್ತು. ಒಸಡಿನ ರೋಗ ಬೇರಿನ ಗುಂಟ ಒಳಗೆ ಸಾಗಿದರೂ ಹೀಗೆಯೇ ಕಾಣುತ್ತದೆ. ಹಲ್ಲಿನೊಳಗಿನ ನರ ಸತ್ತು ಕೊಳೆತು, ಆ ಕೀವು ಬೇರಿನ ತುದಿಯಿಂದ ದಾರಿ ಮಾಡಿಕೊಂಡು ಒಸಡಿನ ಸಂದಿಯಲ್ಲಿ ಹೊರಬಿದ್ದರೂ ಹೀಗೆಯೇ. ಎರಡೂ ಕೂಡಿಕೊಂಡ ಮೇಲೆ ಯಾವುದು ಮೊದಲು ಎಂದು ಕೇಳಿ ಏನು ಪ್ರಯೋಜನ ಎಂದು ಬೇರೆ ರೋಗಿಗಳಿಗೆ ಹಲ್ಲಿನ ಡಾಕ್ಟರಾದ ಅವನೇ ಹೇಳುತ್ತಿದ್ದ. ಆದರೆ ಈ ಹಲ್ಲು ಅಣ್ಣನದು.

"ಏನಪ್ಪಾ ಡಾಕ್ಟ್ರೇ, ಫೋಟೋದಲ್ಲಿ ಚೆನ್ನಾಗಿ ಬಂದಿದೀನಾ?" ಕುರ್ಚಿಯಲ್ಲಿ ಒರಗಿದ್ದ ಅಣ್ಣ ಕೇಳಿದ.

"ಸ್ವಲ್ಪ ಸುಮ್ನಿರು ಅಣ್ಣ."

"ಸುಮ್ನಿರೋಕೆ ಆಗಲ್ವಲ್ಲೋ. ಊದೋದೇ ನನ್ನ ಹೊಟ್ಟೆಪಾಡು."

ಅಣ್ಣ ಒಂದು ವಾದ್ಯತಂಡದಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಆ ವಾದ್ಯದ ತುದಿಯನ್ನು ಮೇಲಿನಿಂದ ಒತ್ತಿ ಹಿಡಿಯುವುದು ಈ ಮುಂಹಲ್ಲುಗಳೇ. ಹಲ್ಲು ಅಲುಗಿದರೆ ಸ್ವರವೂ ಅಲುಗುತ್ತದೆ. ತಂಡದ ಯಜಮಾನ ಆಗಲೇ ಮುಖ ಸಿಂಡರಿಸತೊಡಗಿದ್ದ. ಹಲ್ಲು ಹೋದರೆ ಅಣ್ಣನ ಜಾಗವೂ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ಅವರ ಮನೆಗೆ ಒಸಡಿನ ರೋಗ ಹೊಸದಲ್ಲ. ತಲೆ ನರೆಯುವ ಮೊದಲೇ ಅಪ್ಪನ ಬಾಯಿ ಬೋಳಾಗಿತ್ತು. "ನಿಮ್ಮ ವಂಶದವರ ಬಾಯಲ್ಲಿ ಹಲ್ಲು ಇರೋದು ಬಾಡಿಗೆಗೆ" ಎಂದು ಅಮ್ಮ ಹಂಗಿಸುತ್ತಿದ್ದಳು. ಹಾಗಾಗಿ ಚಳಿಗಾಲದ ಕೊನೆಯಲ್ಲಿ ಅಣ್ಣ ಮೊದಲ ಸಲ ಬಂದು, ಒಸಡು ಒತ್ತಿದರೆ ಕೀವು ಬರುತ್ತದೆ ಎಂದಾಗ, ಡಾಕ್ಟರಾದ ತಮ್ಮ ಅವನ ಬಾಯೊಳಗೆ ಒಮ್ಮೆ ಇಣುಕಿದವನೇ ಇದು ಒಸಡಿನ ರೋಗವೇ ಎಂದು ತೀರ್ಮಾನಿಸಿಬಿಟ್ಟಿದ್ದ. ಮರಗಟ್ಟಿಸುವ ಸೂಜಿ ಚುಚ್ಚಿ, ಒಸಡಿನ ಸಂದಿಗೆ ಉಪಕರಣ ಇಳಿಸಿ, ಬೇರನ್ನು ಆಳದವರೆಗೆ ಕೆರೆದು ನುಣುಪು ಮಾಡಿದ್ದ. ಬೇರೆ ಯಾರೇ ಬಂದಿದ್ದರೂ ಮೊದಲು ತಣ್ಣನೆಯ ಹತ್ತಿ ಮುಟ್ಟಿಸಿ ಹಲ್ಲಿಗೆ ಜೀವವಿದೆಯೇ ಎಂದು ನೋಡುತ್ತಿದ್ದ. ಅಣ್ಣನ ಬಾಯಿ ತನಗೆ ಗೊತ್ತು ಎಂದುಕೊಂಡಿದ್ದ.

ಕೀವು ನಿಲ್ಲಲಿಲ್ಲ. ಈಗ ಅಣ್ಣ ಮತ್ತೆ ಬಂದಿದ್ದ.

ತಮ್ಮ ಈ ಸಲ ಹತ್ತಿಯ ಉಂಡೆಗೆ ತಂಪಿನ ಔಷಧ ಸಿಂಪಡಿಸಿ ಪಕ್ಕದ ಹಲ್ಲಿಗೆ ಮುಟ್ಟಿಸಿದ. ಅಣ್ಣ ಬೆಚ್ಚಿಬಿದ್ದು ಕೈ ಎತ್ತಿದ. ಆಮೇಲೆ ರೋಗ ಹಿಡಿದ ಹಲ್ಲಿಗೆ ಇಟ್ಟು ಒತ್ತಿ ಹಿಡಿದ.

ಅಣ್ಣ ಕಣ್ಣು ಮುಚ್ಚಿ ಕಾಯುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಇನ್ನೂ ಇಟ್ಟಿಲ್ವೇನೋ?"

ಹತ್ತಿಯನ್ನು ತೆಗೆದು ತಮ್ಮ ಕೇಳಿದ: "ಈ ಹಲ್ಲಿಗೆ ಯಾವಾಗಾದ್ರೂ ಪೆಟ್ಟು ಬಿದ್ದಿತ್ತಾ?"

"ಒಂದ್ಸಲ ಬಸ್ಸಲ್ಲಿ ಡ್ರೈವರ್ ಬ್ರೇಕ್ ಹಾಕ್ದ ನೋಡು, ಮುಂದಿನ ಸೀಟಿನ ಕಂಬಿಗೆ ಮುತ್ತು ಕೊಟ್ಟಿದ್ದೆ. ತುಂಬಾ ಹಿಂದೆ. ಯಾಕೆ? ನೀನು ಕೇಳ್ಲೇ ಇಲ್ವಲ್ಲ."

ಆ ಮಾತಿನಲ್ಲಿ ಆಕ್ಷೇಪವೇನೂ ಇರಲಿಲ್ಲ.

ಆ ಪೆಟ್ಟಿಗೆ ನರ ಮೊದಲು ಸತ್ತಿದ್ದರೆ, ಹಲ್ಲಿನ ಒಳಗನ್ನು ಮಾತ್ರ ಶುಚಿ ಮಾಡಿ ಒಸಡನ್ನು ಅದರ ಪಾಡಿಗೆ ಬಿಡಬೇಕಿತ್ತು. ಬೇರಿನ ಮೈಮೇಲೆ ಉಳಿದಿರುವ ಎಳೆಗಳು ಕೀವು ಒಣಗಿದ ಮೇಲೆ ಮತ್ತೆ ಮೂಳೆಯನ್ನು ಹಿಡಿದುಕೊಳ್ಳುವುದುಂಟು. ಆ ಎಳೆಗಳನ್ನು ಅವನೇ ಕೆರೆದು ತೆಗೆದಿದ್ದ. ಆದರೆ ಒಸಡಿನ ರೋಗವೇ ಮೊದಲಾಗಿದ್ದರೆ ಕೆರೆದಿದ್ದು ಸರಿಯೇ. ಅಪ್ಪನ ಮಗನಲ್ಲವೇ ಅಣ್ಣ? ಈ ಅನುಮಾನ ಅವನಿಗೆ ಬೇಕಾಗಿತ್ತು. ಆಮೇಲಿನ ರಾತ್ರಿಗಳಲ್ಲಿ ಅದನ್ನೇ ಹೊದ್ದು ಮಲಗುತ್ತಿದ್ದ.

ರೂಟ್ ಕೆನಾಲ್ ಶುರು ಮಾಡಿದ. ಹಲ್ಲಿನ ಹಿಂಬದಿಯಲ್ಲಿ ತೂತು ಕೊರೆದ ಕೂಡಲೇ ಮುಖಗವಸನ್ನು ದಾಟಿ ನಾತ ಬಂತು. ನರ್ಸ್ ಮುಖ ತಿರುಗಿಸಿದಳು. ಕೂದಲೆಳೆಯಂಥ ಸೂಜಿಗಳಿಂದ ಬೇರಿನ ಒಳಗನ್ನು ಉಜ್ಜಿ, ತೊಳೆದು, ಔಷಧ ತುಂಬಿದ. ಇನ್ನು ಕಾಯಬೇಕು. ಮೂಳೆ ಬಂದರೆ ಬಂತು.

"ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ" ಎಂದ ಅಣ್ಣ, ತುಟಿ ಒರೆಸಿಕೊಳ್ಳುತ್ತ. "ನಂಗೆ ಕಡಲೆ ಬೇಡಪ್ಪ. ಹಲ್ಲು ಉಳಿಸಿಕೊಡು ಸಾಕು."

ಕಾಯುವ ದಿನಗಳಲ್ಲಿ ಒಂದು ಸಂಜೆ ಅಣ್ಣನ ಮನೆಗೆ ಹೋಗಿದ್ದ. ಕ್ಲಾರಿನೆಟ್ಟಿನ ಪೆಟ್ಟಿಗೆ ಕಪಾಟಿನ ಮೇಲಿತ್ತು. ಅಣ್ಣ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದ. ಆ ಸದ್ದು ನಿಲ್ಲುವಂತೆಯೇ ಕಾಣಲಿಲ್ಲ.

"ಈಗ ಉಜ್ಜಿದ್ದೇ ಉಜ್ಜಿದ್ದು, ರಕ್ತ ಬರೋ ತನಕ" ಎಂದಳು ಅತ್ತಿಗೆ. "ಸಿಗರೇಟು ಬಿಡಿ, ಬಿಡಿ ಅಂತ ಬಡ್ಕೊಂಡೆ. ಕಿವಿಗೆ ಹಾಕ್ಕೊಂಡ್ರಾ? ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ನೀನಾದ್ರೂ ಹೇಳಪ್ಪ, ಅದರಿಂದಲೇ ತಾನೇ ಹಲ್ಲು ಹೋಗ್ತಿರೋದು?"

"ಸಿಗರೇಟು ಒಸಡಿಗೆ ಒಳ್ಳೇದಲ್ಲ ಅತ್ತಿಗೆ."

ಅದು ಸುಳ್ಳಲ್ಲ. ಅಂಥದೊಂದು ನಿಜ ಕೈಗೆ ಸಿಕ್ಕಿದ್ದು ಎಷ್ಟು ಅನುಕೂಲವಾಯಿತೆಂದರೆ, ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಚ್ಚಲ ಬಾಗಿಲಲ್ಲಿ ಅಣ್ಣ ಟವೆಲ್ ಹಿಡಿದು ನಿಂತಿದ್ದ. ಕೇಳಿಸಿಕೊಂಡಿದ್ದ. ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನಕ್ಕ. ಅಂದಿನಿಂದ ಸಿಗರೇಟು ಮುಟ್ಟಲಿಲ್ಲ.

ಮೂಳೆ ಬರಲಿಲ್ಲ. ಕೊನೆಯ ಪ್ರಯತ್ನವೆಂದು ಒಸಡನ್ನು ಕತ್ತರಿಸಿ ಬಿಡಿಸಿ ನೋಡಿದ. ಬೇರು ಪೂರ್ತಿ ಬತ್ತಲೆಯಾಗಿತ್ತು. ದೀಪದ ಬೆಳಕಿನಲ್ಲಿ ಅದು ಗಾಜಿನಂತೆ ಹೊಳೆಯಿತು. ಕೆಲಸ ಅಚ್ಚುಕಟ್ಟಾಗಿತ್ತು. ಚೆನ್ನಾಗಿ ಕೆರೆಯುವುದಕ್ಕೆ ಕಾಲೇಜಿನಲ್ಲಿ ಅವನಿಗೆ ಹೆಸರಿತ್ತು. ಮೂಳೆಪುಡಿ ತುಂಬಿ ಹೊಲಿಗೆ ಹಾಕೋಣವೆಂದರೆ ಅದು ನಿಲ್ಲುವುದಕ್ಕೂ ಸುತ್ತ ಮೂಳೆಯ ಗೋಡೆ ಉಳಿದಿರಲಿಲ್ಲ. ಇಕ್ಕಳದಲ್ಲಿ ಹಿಡಿದಾಗ ಹಲ್ಲು ಹಟ ಮಾಡದೆ ಬಂತು.

ಗಾಯ ಮಾಗಿದ ಮೇಲೆ ತಾತ್ಕಾಲಿಕವಾಗಿ, ಅಂಗುಳಿಗೆ ಕೂರುವ ಪಟ್ಟಿಗೆ ಸೇರಿಸಿದ ಒಂದು ಕಟ್ಟುಹಲ್ಲು ಮಾಡಿಕೊಟ್ಟ. ಅಣ್ಣ ಪೆಟ್ಟಿಗೆಯನ್ನು ಕ್ಲಿನಿಕ್ಕಿಗೇ ತಂದಿದ್ದ. ವಾದ್ಯ ಜೋಡಿಸಿ ಊದಿದ. ಮೊದಲ ಸ್ವರ ನಿಂತಿತು. ಮುಂದಿನದಕ್ಕೆ ಏರುವಾಗ ಹಲ್ಲಿನ ಪಟ್ಟಿ ಜಾರಿ, ತುಟಿಯ ಪಕ್ಕದಿಂದ ಗಾಳಿ ಬುಸ್ಸೆಂದು ಹೊರಬಿತ್ತು. ಮತ್ತೆ ಊದಿದ. ಅದೇ ಸದ್ದು. ಹೊರಗೆ ಕಾಯುತ್ತಿದ್ದವರ ಮಾತು ನಿಂತಿತು.

ಅಣ್ಣ ವಾದ್ಯವನ್ನು ಬಿಚ್ಚಿ, ಒಂದೊಂದೇ ತುಂಡನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ.

"ಪಟ್ಟಿ ಇನ್ನೊಂಚೂರು ಬಿಗಿ ಮಾಡ್ತೀನಿ" ಎಂದ ತಮ್ಮ.

"ಬಿಡೋ. ಯಜಮಾನರು ಬೇರೆಯವ್ರನ್ನ ಕರ್ಕೊಂಡಾಯ್ತು. ನಂಗೆ, ನೀನು ಡ್ರಮ್ ಹತ್ರ ನಿಂತ್ಕೋ ಅಂದ್ರು. ಬಡಿಯೋಕೆ ಹಲ್ಲು ಬೇಡ್ವಂತೆ."

ನಗಲು ಹೋಗಿ, ಬಾಯಿ ಮುಚ್ಚಿಕೊಂಡ. ಆಮೇಲೆ ಹೇಳಿದ: "ನೀನು ಮನಸ್ಸಿಗೆ ಹಚ್ಕೋಬೇಡಪ್ಪ. ನಿನ್ನ ಕೈಲಾಗಿದ್ದೆಲ್ಲ ಮಾಡಿದೀಯ. ನಾನೇ ಸೇದಿ ಸೇದಿ ಹಾಳು ಮಾಡ್ಕೊಂಡೆ. ಅಲ್ವಾ?"

 ತಮ್ಮ ಎದ್ದು ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ. ಆಗಲೇ ತೊಳೆದಿದ್ದ ಕೈಗಳು. ನೀರಿನ ಸದ್ದಿನಲ್ಲಿ ಪೆಟ್ಟಿಗೆಯ ಕೊಂಡಿ ಬಿದ್ದದ್ದು, ಬಾಗಿಲು ತೆರೆದದ್ದು ಕೇಳಿಸಿತು.

ಹಲ್ಲಿಗೆ ಜೀವವಿದೆಯೇ ಎಂದು ನೋಡದೆ ಬೇರು ಕೆರೆದೆ ಎಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.