ಬೇಲಿಯಾಚೆಯ ನೀರು

ಮುದುಕಿ ನೀರು ಕೊಟ್ಟು ಒಳಗೆ ತಿರುಗಿದ್ದೇ ತಡ, ಮಣ್ಣಿನ ಮೇಡಂ ಲೋಟದ ನೀರನ್ನು ಕಟ್ಟೆಯ ಪಕ್ಕದ ಗಿಡದ ಬುಡಕ್ಕೆ ಸುರಿದಳು. ತಲೆಯೆತ್ತಿದರೆ ಬಾಗಿಲಲ್ಲಿ ಮುದುಕಿಯ ಸೊಸೆ ನಿಂತಿದ್ದಳು, ತುಂಬುಗರ್ಭಿಣಿ.

ಮಣ್ಣಿನ ಮೇಡಂ ಎಂಬ ಹೆಸರು ಓಣಿಯವರೇ ಇಟ್ಟಿದ್ದು. ಮುಚ್ಚಿಹೋದ ಬಣ್ಣದ ಕಾರ್ಖಾನೆಯ ನೆಲ ಶುದ್ಧ ಮಾಡಲು ಬಂದ ತಂಡಕ್ಕೆ ಅವಳೇ ಯಜಮಾನಿ. ಕೆಟ್ಟ ಮಣ್ಣನ್ನು ಅಗೆಸಿ ಲಾರಿಗೆ ತುಂಬಿಸುತ್ತಿದ್ದಳು, ಕೊಳವೆ ಇಳಿಸಿ ಆಳದ ನೀರೆತ್ತಿ ಸೋಸಿಸುತ್ತಿದ್ದಳು. "ಲೋಕದೋರೆಲ್ಲ ಇನ್ನೊಬ್ಬರ ಬಾಯಿಗೆ ಮಣ್ಣು ಹಾಕ್ತಾರೆ. ತೆಗೆಯೋಳು ಅಂದ್ರೆ ನೀನೊಬ್ಳೇ ಕಣೆ!" ಎಂದು ಬೇಲಿಯಾಚೆಯ ಮುದುಕಿ ನಗಿಸುತ್ತಿದ್ದಳು. ಮಧ್ಯಾಹ್ನ ಕರೆದು ನೆರಳಲ್ಲಿ ಕೂರಿಸುತ್ತಿದ್ದಳು.

ವಿಷ ಬೇಲಿ ದಾಟಿ ಓಣಿಯ ಬಾವಿಗೂ ಇಳಿದಿದೆಯೆಂದು ಹೋದ ವಾರ ಪ್ರಯೋಗಾಲಯದಿಂದ ತಿಳಿದಿತ್ತು. "ಮೇಲಿನವರು ಹೇಳೋವರೆಗೂ ಬಾಯಿ ಹೊಲ್ಕೊಂಡಿರು," ಎಂದಿದ್ದ ಅವಳ ಕಂಪನಿಯ ಸಾಹೇಬ. ಹೊಲಿದುಕೊಂಡಿದ್ದಳು. ಕೆಲಸ ಹೋದೀತೆಂಬ ಭಯ ಒಂದು ಕಡೆ. ಇನ್ನೇನು ಅಪ್ಪಣೆ ಬಂದೇಬಿಡುತ್ತದೆ ಎಂಬ ಸಮಾಧಾನ ಇನ್ನೊಂದು ಕಡೆ. ಅಷ್ಟು ದಿನವೂ ತಾನು ಮಾತ್ರ ಪೇಟೆಯ ಬಾಟಲಿ ನೀರು ಕುಡಿದಿದ್ದಳು.

"ಯಾಕೆ ಚೆಲ್ಲಿದ್ರಿ?" ಸೊಸೆ ಕೇಳಿದಳು.

"ಬಾಯಾರಿಕೆ ಇರ್ಲಿಲ್ಲ..."

"ಈ ಬಿಸಿಲಲ್ಲೂ?"

ಮೇಡಂ ಖಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟಳು. ಸೊಸೆಯ ಮುಖ ಮೆಲ್ಲಗೆ ಬಿಳಿಚಿಕೊಂಡಿತು.

"ನಮ್ಮ ಬಾವಿನೂ ಕೆಟ್ಟಿದೆಯಾ?"

"ಹೂಂ."

"ಯಾವಾಗ ಗೊತ್ತಾಯ್ತು?"

"ಹೋದ ವಾರ."

"ನಿನ್ನೆ ಇಲ್ಲೇ ಕೂತು ನನ್ನ ಹೊಟ್ಟೆ ಮುಟ್ಟಿದ್ರಿ. ಮಗು ಒದೀತಿದೆ ಅಂತ ನಕ್ರಿ. ನಾನಾಗ ನೀರು ಕುಡೀತಿದ್ದೆ."

ನೆಲ ಬಾಯಿಬಿಡಬಾರದೇ ಅನ್ನಿಸಿತು ಮೇಡಂಗೆ. ಒಳಗಿನಿಂದ ಬಂದ ಮುದುಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಅಡುಗೆಮನೆಯ ಕೊಡವನ್ನು ಎತ್ತಿ ತಂದು ಬೀದಿಗೆ ಬಗ್ಗಿಸಿದಳು. ಆಮೇಲೆ ಮೇಡಂ ಮಣಿಕಟ್ಟು ಹಿಡಿದು, "ಬಾ," ಎಂದಳು.

ಓಣಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೇಡಂ ಕೈ ಬಿಡಿಸಿಕೊಳ್ಳಲಿಲ್ಲ. ಪಕ್ಕದ ಮನೆಯ ಚಿಲಕ ಬಡಿದು ಮುದುಕಿ ಹಿಂದೆ ಸರಿದು ನಿಂತಳು.

"ನಾನು ಹೇಳಿದ್ರೆ ಅರಳುಮರಳು ಅಂತಾರೆ. ನೀನೇ ಹೇಳು. ಒಂದು ಮನೇನೂ ಬಿಡಬೇಡ."

"ಸಾಹೇಬ್ರಿಗೆ ಒಂದು ಮಾತು..." ಎಂದು ಶುರುಮಾಡಿದ ಮೇಡಂ, ಮುದುಕಿಯ ಮುಖ ನೋಡಿ ಬಾಗಿಲ ಕಡೆ ತಿರುಗಿದಳು.

ಒಳಗೆ ಚಪ್ಪಲಿಯ ಸದ್ದಾಯಿತು. ಮುಖ ತೊಳೆಯುತ್ತಿದ್ದ ಆ ಮನೆಯ ಬಡಗಿ ಹಾಗೇ ಎದ್ದು ಬಂದಿದ್ದ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಓಹೋ, ಮಣ್ಣಿನ ಮೇಡಂ!" ಎನ್ನುತ್ತ ಅವನು ಬಾಗಿಲನ್ನು ಪೂರ್ತಿ ತೆರೆದ. "ಬನ್ನಿ, ಒಳಗೆ ಬನ್ನಿ."